ಸೋಮವಾರದ ಗಾಡಿ

ರವಿವಾರ ಬೆಳಿಗ್ಗೆ ಫಿಯಟ್ ತೆಗೆದುಕೊಂಡು ಹೊರಬಿದ್ದರೆ ಯಾರಾದರೂ ಒಬ್ಬರು ನಿಲ್ಲಿಸಿ ಮಾತಾಡಿಸಿಯೇ ಮಾತಾಡಿಸುತ್ತಾರೆ. ಉಣಕಲ್ ಕೆರೆ ಹತ್ತಿರ, ಇಲ್ಲಾಂದ್ರೆ ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆ ಕೊಳ್ಳಲು ಇಳಿದಾಗ. ಮೊದಲು ಬಾನೆಟ್ ಮೇಲೆ ಕೈ ಆಡಿಸುತ್ತಾರೆ. "ನಮ್ಮ ಕಾಕಾಂದೂ ಇಂಥಾದ್ದ ಇತ್ತರಿ" ಅನ್ನುತ್ತಾರೆ. ಆಮೇಲೆ ಆ ಪ್ರಶ್ನೆ ಬರುತ್ತದೆ.

"ದಿನಾ ಇದನ್ನ ಓಡಸ್ತೀರೇನ್ರಿ?"

ಇಲ್ಲ ಅಂತೀನಿ. ಮುಖ ಸ್ವಲ್ಪ ಇಳಿಯುತ್ತದೆ. "ಮತ್ತ ದಿನಾ ಯಾವ ಗಾಡಿ?" ವ್ಯಾಗನ್ ಆರ್ ಅಂತೀನಿ. "ಹೌದೇನ್ರಿ" ಅಂದು ಮತ್ತೆ ಫಿಯಟ್ ಕಡೆಗೇ ತಿರುಗುತ್ತಾರೆ. ಹತ್ತು ಹನ್ನೆರಡು ವರ್ಷದಲ್ಲಿ ವ್ಯಾಗನ್ ಆರ್ ಬಗ್ಗೆ ಒಬ್ಬರೂ ಇನ್ನೊಂದು ಮಾತು ಕೇಳಿಲ್ಲ.

ಹಳೇ ಗಾಡಿ ಇಟ್ಟುಕೊಂಡವರ ಹತ್ತಿರ ಎಲ್ಲರೂ ಹಳೇ ಗಾಡಿ ಬಗ್ಗೆಯೇ ಕೇಳುತ್ತಾರೆ. ಸೋಮವಾರ ಬೆಳಿಗ್ಗೆ ಅವರು ಯಾವ ಗಾಡಿ ಹತ್ತಿ ಕೆಲಸಕ್ಕೆ ಹೋಗುತ್ತಾರೆ ಅನ್ನೋದನ್ನು ಯಾರೂ ಬರೆದಿಡೋದಿಲ್ಲ. ನನಗೆ ಆ ಗಾಡಿಗಳ ಬಗ್ಗೆ ಬರೆಯಬೇಕು ಅನ್ನಿಸಿದೆ. ಆದರೆ ಶುರು ಮಾಡಬೇಕಾದ್ದು ಫಿಯಟ್‌ನಿಂದಲೇ.

ಅಪ್ಪ ಗದಗಿನಲ್ಲಿ ಡಾಕ್ಟರ್ ಆಗಿದ್ದರು. ಬೆಟಗೇರಿ ಕಡೆ ಹೋಗೋ ದಾರಿಯಲ್ಲಿ ಎರಡು ಖೋಲಿಯ ದವಾಖಾನೆ. ಮಧ್ಯಾಹ್ನ ಊಟ ಆದ ಮೇಲೆ ಹಳ್ಳಿಗಳಿಗೆ ವಿಜಿಟ್. ಹುಲಕೋಟಿ, ಲಕ್ಕುಂಡಿ, ಮುಳಗುಂದ, ಒಮ್ಮೊಮ್ಮೆ ನರೇಗಲ್‌ವರೆಗೂ. ಮೊದಲು ಮೋಟರ್ ಸೈಕಲ್ ಇತ್ತು. 1979ರಲ್ಲಿ ಒಬ್ಬ ಅರಳೆ ವ್ಯಾಪಾರಿಯಿಂದ ಈ 1974ರ ಫಿಯಟ್ ಕೊಂಡರು. ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಅಪ್ಪನಿಗೆ ಕಾಯೋಷ್ಟು ಪುರಸೊತ್ತು ಇರಲಿಲ್ಲ.

ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ 1100ಡಿ ಮಾದರಿಯನ್ನು 1964ರಲ್ಲಿ ಇಲ್ಲಿ ಮಾಡೋಕೆ ಶುರು ಮಾಡಿತು. ಮುಂದೆ ಅದೇ ಗಾಡಿ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಏನೇ ಬದಲಾದರೂ ನಮ್ಮ ಕಡೆ ಅದು ಕೊನೇವರೆಗೂ ಫಿಯಟ್ಟೇ. 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, 40ರ ಆಸುಪಾಸು ಅಶ್ವಶಕ್ತಿ. ಗೇರಿನ ಕೋಲು ಸ್ಟೇರಿಂಗ್ ಕೆಳಗೇ ಇರುತ್ತದೆ, ಹ್ಯಾಂಡ್ ಗೇರ್ ಅಂತೀವಿ. ಮುಂದಿನ ಸೀಟು ಉದ್ದಕ್ಕೆ ಒಂದೇ ಬೆಂಚು. ಅಪ್ಪ ಅವ್ವನ ನಡುವೆ ಆ ಬೆಂಚಿನ ಮೇಲೆ ಕೂತೇ ನಾನು ಗದಗ ಜಿಲ್ಲೆಯ ಅರ್ಧ ಹಳ್ಳಿಗಳನ್ನು ನೋಡಿದ್ದು. ಆಗ ಇನ್ನೂ ಎಲ್ಲಾ ಧಾರವಾಡ ಜಿಲ್ಲೆಯೇ. ಗದಗ, ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.

ಆ ಗಾಡಿಯಲ್ಲಿ ಏನೇನು ಬಂದಿಲ್ಲ! ಡಿಕ್ಕಿಯಲ್ಲಿ ಜೋಳದ ಚೀಲ, ಶೇಂಗಾ ಚೀಲ. ಫೀಸಿನ ಬದಲು ಹಳ್ಳಿಯವರು ಕೊಟ್ಟ ಕುಂಬಳಕಾಯಿ. ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನ ಹೆಣ್ಣುಮಕ್ಕಳು, ಹಾವು ಕಚ್ಚಿದ ಹುಡುಗ, ಜ್ವರದಲ್ಲಿ ಬಡಬಡಿಸೋ ಮುದುಕರು. ಮಳೆಗಾಲದಲ್ಲಿ ಎರಿ ಮಣ್ಣಿನ ರಸ್ತೆಗೆ ಬಿದ್ದರೆ ಮುಗೀತು. ಆ ಕರಿ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ಮೆತ್ತಿಕೊಂಡು, ಕೊನೆಗೆ ಮಡ್‌ಗಾರ್ಡಿಗೆ ತಾಗಿ ಚಕ್ರವೇ ತಿರುಗುತ್ತಿರಲಿಲ್ಲ. ಎತ್ತು ಹೂಡಿ ಎಳೆಸಿದ್ದು ನನಗೇ ಎರಡು ಸಲ ನೆನಪಿದೆ. ಅಪ್ಪ ಎತ್ತಿನ ಪಕ್ಕದಲ್ಲಿ ಬ್ಯಾಗ್ ಹಿಡಿದುಕೊಂಡು ನಡೆದುಬಿಡುತ್ತಿದ್ದರು. ಗಾಡಿ ಹಿಂದಿನಿಂದ ಬರುತ್ತಿತ್ತು.

ಅಪ್ಪ ಫಿಯಟ್ಟಿಗೆ ಒಂದು ವಹಿ ಇಟ್ಟಿದ್ದರು. ಅಡತಿ ಅಂಗಡಿಯವರು ಲೆಕ್ಕ ಬರೆಯುತ್ತಾರಲ್ಲ, ಕೆಂಪು ಬಟ್ಟೆ ಹೊದಿಸಿದ ಉದ್ದನೆಯದು, ಅಂಥದ್ದು. ಪೆಟ್ರೋಲ್ ಎಷ್ಟು, ಕಿಲೋಮೀಟರ್ ಎಷ್ಟು, ಎಣ್ಣೆ ಯಾವತ್ತು ಬದಲಾಯಿತು, ಪ್ಲಗ್ ಯಾವತ್ತು. ಮಿಸ್ತ್ರಿಗಳಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಡಾಕ್ಟರ್ ಗಾಡಿ ಐತ್ರಿ ಇದು. ಕರದಾಗ ಚಾಲೂ ಆಗಬೇಕು." ಬಣ್ಣ ಮಾಸಿದ್ದರ ಬಗ್ಗೆ, ಬಾಗಿಲು ನೆಗ್ಗಿದ್ದರ ಬಗ್ಗೆ ಆ ವಹಿಯಲ್ಲಿ ಒಂದು ಸಾಲೂ ಇಲ್ಲ.

ಇದನ್ನು ಇಷ್ಟು ಹೇಳಿದ್ದು ಯಾಕೆ ಅಂದ್ರೆ, ಇವತ್ತು ಜನ ಕೈ ಮುಗಿದು ನೋಡೋ ಈ ಗಾಡಿ ಅಪ್ಪನಿಗೆ ಸೋಮವಾರದ ಗಾಡಿಯೇ ಆಗಿತ್ತು. ನಮ್ಮ ಕಡೆ ಹಳೇ ಕಾರು ಅಂತ ಉಳಿದಿರೋದು ಹೆಚ್ಚಿನವು ಇಂಥವೇ. ಅರಮನೆಯ ಕಾರುಗಳಲ್ಲ. ಡಾಕ್ಟರರ ಫಿಯಟ್, ಅರಳೆ ವ್ಯಾಪಾರಿಗಳ ಅಂಬಾಸಿಡರ್, ತೋಟದ ಜೀಪು. ಮುಂಬೈ ನೋಡಿ. ಅಲ್ಲಿ ರಸ್ತೆ ತುಂಬ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳೇ ಇದ್ದವು. 2023ರ ಅಕ್ಟೋಬರಿನಲ್ಲಿ ಕೊನೇ ಟ್ಯಾಕ್ಸಿಯ ಅವಧಿ ಮುಗಿದಾಗ ಊರಿಗೆ ಊರೇ ಅದರ ಫೋಟೋ ಹಾಕಿತು. ಅದರ ಹಿಂದಿನ ದಿನದವರೆಗೂ ಅದು ಸುಮ್ನೆ ಒಂದು ಟ್ಯಾಕ್ಸಿ ಆಗಿತ್ತು.

ಹಾಗಾದರೆ ನಾನೇಕೆ ಫಿಯಟ್ಟನ್ನು ದಿನಾ ಓಡಿಸೋದಿಲ್ಲ?

ನಾನು ಹೈಸ್ಕೂಲ್ ಟೀಚರ್. ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಸ್ಕೂಲು ಧಾರವಾಡದಲ್ಲಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮುಟ್ಟಬೇಕು. ಫಿಯಟ್ ಮುಟ್ಟಿಸುತ್ತದೆ, ಆದರೆ ಅದಕ್ಕೆ ಅದರದೇ ರೀತಿ ಇದೆ. ಚಳಿಗಾಲದ ಬೆಳಿಗ್ಗೆ, ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸೋ ಚೋಕ್ ಎಳೆಯಬೇಕು, ಇಂಜಿನ್ ಬೆಚ್ಚಗಾಗುತ್ತ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಬೇಕು. ಬೇಗ ತಳ್ಳಿದರೆ ಬಂದ್ ಬೀಳುತ್ತದೆ, ತಡ ಮಾಡಿದರೆ ಪ್ಲಗ್ ಕಪ್ಪಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ ತಂಪು ಹತ್ತಿ ಕಿಡಿ ಬರೋದಿಲ್ಲ. ಮುಚ್ಚಳ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ, ಪಾಯಿಂಟ್ ಮೇಲೆ ಸಣ್ಣ ಪಾಲಿಶ್ ಪೇಪರ್ ಎಳೆದು ಮತ್ತೆ ಹಾಕಬೇಕು. ಬೇಸಿಗೆಯಲ್ಲಿ ಇನ್ನೊಂದು ಕಥೆ. ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್‌ನಲ್ಲಿ ಹದಿನೈದು ನಿಮಿಷ ನಿಂತರೆ ಇಂಜಿನ್ ಕಾವಿಗೆ ಪಂಪಿನಲ್ಲೇ ಪೆಟ್ರೋಲ್ ಆವಿ ಆಗಿಬಿಡುತ್ತದೆ. ಆವಿಯನ್ನು ಆ ಪಂಪ್ ಎಳೆಯಲಾರದು. ಗಾಡಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಹಳೇ ಡ್ರೈವರುಗಳು ಡಿಕ್ಕಿಯಲ್ಲಿ ಸದಾ ಒಂದು ಬಾಟಲಿ ನೀರು, ಒಂದು ಅರಿವೆ ಇಟ್ಟುಕೊಂಡಿರುತ್ತಿದ್ದದ್ದು ಇದಕ್ಕೇ.

ಬ್ರೇಕ್ ಇನ್ನೂ ಮುಖ್ಯ. ನಾಲ್ಕೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕ್. ಕಾಲಿನ ಬಲ ಎಷ್ಟೋ ಅಷ್ಟೇ, ನೆರವಿಗೆ ಬೂಸ್ಟರ್ ಇಲ್ಲ. 1974ರಲ್ಲಿ ಅದು ಸಾಕಾಗಿತ್ತು, ಯಾಕೆಂದ್ರೆ ಮುಂದಿದ್ದ ಗಾಡಿಯೂ ಹಾಗೇ ನಿಲ್ಲುತ್ತಿತ್ತು. ಈಗ ಮುಂದಿನವನು ಒತ್ತಿದ ಕೂಡಲೇ ನಿಂತುಬಿಡುತ್ತಾನೆ. ನಾನು ಎರಡು ಗಾಡಿಯಷ್ಟು ಜಾಗ ಬಿಟ್ಟರೆ ಆ ಜಾಗಕ್ಕೆ ಎರಡು ಆಟೋ ಬಂದು ಸೇರುತ್ತವೆ. ಸೀಟ್ ಬೆಲ್ಟ್ ಬೇರೆ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ದಿನಾ ಬೈಪಾಸ್ ಮೇಲೆ ಹೋಗೋ ಗಾಡಿ ಅಲ್ಲ ಅದು. ಇದನ್ನು ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಕಾಲ ಹಿಡಿಯಿತು.

ಪೆಟ್ರೋಲ್ ಕೂಡ ಬದಲಾಗಿದೆ. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಊರಿನ ಗಾಳಿಗೆ, ಮಕ್ಕಳ ಮೈಗೆ ಅದು ನಿಂತದ್ದು ಒಳ್ಳೇದೇ. ಆದರೆ ಆ ಸೀಸವೇ ಹಳೇ ಇಂಜಿನ್ನಿನ ವಾಲ್ವ್ ಸವೆಯದ ಹಾಗೆ ಕಾಯುತ್ತಿತ್ತು. ಈಗ ಬಂಕಿನಲ್ಲಿ ಸಿಗೋದು ನೂರಕ್ಕೆ 20 ಪಾಲು ಎಥೆನಾಲ್ ಸೇರಿದ ಪೆಟ್ರೋಲ್. ಕಬ್ಬು, ಗೋವಿನಜೋಳದಿಂದ ತೆಗೆದ ಎಥೆನಾಲ್. ಹಾವೇರಿ ಕಡೆಯ ಹೊಲ ಕಂಡವರಿಗೆ ಇದು ಖುಷಿಯ ವಿಷಯವೇ. ಆದರೆ ಎಥೆನಾಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಆ ನೀರು ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಹಳೇ ರಬ್ಬರ್ ಪೈಪು, ಪಂಪಿನೊಳಗಿನ ಪರದೆ ಮೆತ್ತಗಾಗಿ ಬಿರಿಯುತ್ತವೆ. ಹಾಗಾಗಿ ಫಿಯಟ್ಟಿನ ಟ್ಯಾಂಕು ನಾನು ತುಂಬಿಸಿಡೋದಿಲ್ಲ. ವಾರಕ್ಕೆ ಬೇಕಾದಷ್ಟೇ ಹಾಕಿಸಿ, ಓಡಿಸಿ ಮುಗಿಸುತ್ತೇನೆ.

ಗೋಕುಲ ರಸ್ತೆ ಕಡೆ ಒಂದು ಗ್ಯಾರೇಜಿನಲ್ಲಿ ನಮ್ಮ ಮಿಸ್ತ್ರಿ ಇದ್ದಾರೆ, ಚಾಚಾ ಅಂತೀವಿ. ಎಪ್ಪತ್ತು ದಾಟಿದೆ. ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಬಿಚ್ಚಿ ಜೋಡಿಸೋ ಕೈ ಹುಬ್ಬಳ್ಳಿಯಲ್ಲಿ ಇನ್ನು ಬೆರಳೆಣಿಕೆಯಷ್ಟೇ ಉಳಿದಿರಬಹುದು. ಮೊದಲೆಲ್ಲ ನಾನು ಫಿಯಟ್ಟನ್ನು ಮನೆ ಮುಂದೆಯೇ ಹತ್ತು ನಿಮಿಷ ಚಾಲೂ ಇಟ್ಟು ಬಂದ್ ಮಾಡುತ್ತಿದ್ದೆ. ಅದೇ ಕಾಳಜಿ ಅಂದುಕೊಂಡಿದ್ದೆ. ಚಾಚಾ ಕೇಳಿ ತಲೆ ಅಲ್ಲಾಡಿಸಿದರು.

"ಹಂಗ ಮಾಡಬ್ಯಾಡ್ರಿ ಅಕ್ಕೋರ. ವಾರಕ್ಕೊಮ್ಮೆ ಧಾರವಾಡ ತೋರಿಸಿಕೊಂಡ ಬರ್ರಿ ಅದಕ್ಕ."

ಕಾರಣ ಸರಳ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರೂ ಹುಟ್ಟುತ್ತದೆ. ಹತ್ತು ನಿಮಿಷದಲ್ಲಿ ಇಂಜಿನ್ ಪೂರ್ತಿ ಕಾಯೋದಿಲ್ಲ. ಆ ನೀರು ಎಣ್ಣೆಯಲ್ಲಿ, ಸೈಲೆನ್ಸರಿನಲ್ಲಿ ಉಳಿದು ಒಳಗಿನಿಂದಲೇ ತಿನ್ನುತ್ತದೆ. ನಿಂತಲ್ಲೇ ನಿಂತರೆ ಬ್ರೇಕಿನ ರಬ್ಬರ್ ವಾಷರ್ ಹಿಡಿದುಕೊಳ್ಳುತ್ತದೆ, ಟಾಯರ್ ಒಂದೇ ಕಡೆ ಒತ್ತಿ ಚಪ್ಪಟೆ ಆಗುತ್ತದೆ, ಬ್ಯಾಟರಿ ಸಾಯುತ್ತದೆ, ವೈರುಗಳನ್ನು ಇಲಿ ಕಡಿಯುತ್ತದೆ. ವಿದ್ಯಾನಗರದಿಂದ ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು ದಾಟಿ ಧಾರವಾಡ. ಅಲ್ಲೊಂದು ಚಹಾ. ವಾಪಸ್ಸು. ಇಂಜಿನ್ ಚೆನ್ನಾಗಿ ಕಾಯೋಕೆ ದೇವರೇ ಅಳೆದು ಇಟ್ಟ ದೂರ ಅದು.

ಹೀಗೆ ರವಿವಾರ ಫಿಯಟ್ಟಿನದು. ಉಳಿದ ಆರು ದಿನ ವ್ಯಾಗನ್ ಆರ್‌ನದು.

2008ರಲ್ಲಿ ಕೊಂಡದ್ದು. ಬೆಳ್ಳಿ ಬಣ್ಣ. ಎತ್ತರಕ್ಕೆ ಇದೆ, ಸೀರೆ ಉಟ್ಟು ಹತ್ತಿ ಇಳಿಯೋಕೆ ಸಲೀಸು. ಒಂದು ವಿಷಯ ನನಗೆ ಯಾವಾಗಲೂ ಆಶ್ಚರ್ಯ. ಅದರ ಇಂಜಿನ್ 1061 ಸಿಸಿ. ಅಂದ್ರೆ ಅಪ್ಪನ ಫಿಯಟ್ಟಿಗಿಂತ ಒಂದು ಚೂರು ಸಣ್ಣದೇ. ಆದರೆ 60ಕ್ಕೂ ಜಾಸ್ತಿ ಅಶ್ವಶಕ್ತಿ ಕೊಡುತ್ತದೆ. ನಮ್ಮ ಫಿಯಟ್ ಲೀಟರಿಗೆ ಹನ್ನೊಂದು ಕೊಟ್ಟರೆ ಖುಷಿ, ಇದು ಹದಿನಾರು ಕೊಡುತ್ತದೆ. ಚೋಕ್ ಇಲ್ಲ, ಪಾಯಿಂಟ್ ಇಲ್ಲ. ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅನ್ನೋದನ್ನೆಲ್ಲ ಒಂದು ಸಣ್ಣ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಅಪ್ಪ ವಹಿಯಲ್ಲಿ ವರ್ಷಗಟ್ಟಲೆ ಬರೆದ ಚಿಂತೆಯನ್ನೆಲ್ಲ ಆ ಪೆಟ್ಟಿಗೆ ಸದ್ದಿಲ್ಲದೆ ಹೊತ್ತುಕೊಂಡಿದೆ.

ಹಳೇ ಗಾಡಿಯವರಿಗೆ ದಿನದ ಗಾಡಿ ಎಂಥದ್ದಿರಬೇಕು ಅಂತ ನಾನು ನೋಡಿ ಕಲಿತದ್ದು ಇಷ್ಟು. ಕೀಲಿ ತಿರುಗಿಸಿದರೆ ಚಾಲೂ ಆಗಬೇಕು. ಸಾಮಾನು ಯಾವ ಅಂಗಡಿಯಲ್ಲೂ ಸಿಗಬೇಕು. ದುರ್ಗದ ಬೈಲಿನ ಸಂದಿಯಲ್ಲಿ ನಿಲ್ಲಿಸಿ ಹೋದರೂ ಜೀವ ಹೊಡೆದುಕೊಳ್ಳಬಾರದು. ಯಾರೋ ಗೀರಿದರೆ ಅಂದು ರಾತ್ರಿ ನಿದ್ದೆ ಬರಬೇಕು. ಮತ್ತೆ, ಇದು ಮುಖ್ಯ, ಹಳೇ ಗಾಡಿ ಎಲ್ಲೋ ಕೈ ಕೊಟ್ಟರೆ ಬ್ಯಾಟರಿ, ಪಾನಾ ಪೆಟ್ಟಿಗೆ, ಚಾಚಾ, ಮೂವರನ್ನೂ ಹೊತ್ತುಕೊಂಡು ಅಲ್ಲಿಗೆ ಹೋಗಬೇಕು. ನಮ್ಮ ಫಿಯಟ್ಟಿನ ಗೇರ್ ಬಾಕ್ಸ್ ಒಂದು ಸಲ ವ್ಯಾಗನ್ ಆರ್ ಹಿಂದಿನ ಸೀಟಿನ ಮೇಲೆ ಗೋಣಿಚೀಲ ಹಾಸಿ ಮಲಗಿಸಿಕೊಂಡು ಗದಗಿಗೆ ಹೋಗಿ ರಿಪೇರಿ ಆಗಿ ಬಂದಿದೆ.

ನನ್ನ ಪರಿಚಯದವರನ್ನೇ ನೋಡಿ. ಗದಗಿನಲ್ಲಿ ಒಬ್ಬರು ಛಾಪಖಾನೆ ನಡೆಸುತ್ತಾರೆ. ಅವರ ಹತ್ತಿರ ಒಂದು ಅಂಬಾಸಿಡರ್ ಇದೆ, ಹಾಲಿನಂಥ ಬಿಳಿ. ಕೆಲಸಕ್ಕೆ ಮಾತ್ರ ಓಮ್ನಿ. ಕಾಗದದ ರೀಮು, ಕಟ್ಟಿದ ಪುಸ್ತಕ, ಲಗ್ನಪತ್ರಿಕೆಯ ಗಂಟು, ಎಲ್ಲಾ ಅದರಲ್ಲೇ. ಸರಿಯೋ ಬಾಗಿಲು ಎಳೆದರೆ ಎರಡು ಜನ ಒಟ್ಟಿಗೆ ಸಾಮಾನು ಇಳಿಸಬಹುದು. ಇಂಜಿನ್ ಮುಂದಿನ ಸೀಟಿನ ಕೆಳಗೇ ಇರೋದರಿಂದ ಬೇಸಿಗೆಯಲ್ಲಿ ಕೂತವರಿಗೆ ಕಾವು. ಅದಕ್ಕೆ ಸೀಟಿನ ಮೇಲೆ ಕೌದಿ ಹಾಕಿದ್ದಾರೆ. ಓಮ್ನಿ ತಯಾರಿ 2019ರಲ್ಲಿ ನಿಂತಿತು. "ಅಂಬಾಸಿಡರ್ ಹೋದ್ರ ದುಃಖ ಆಗ್ತೈತ್ರಿ. ಓಮ್ನಿ ಹೋದ್ರ ಪ್ರೆಸ್ ಬಂದ್ ಆಗ್ತೈತಿ" ಅಂತ ಒಮ್ಮೆ ಹೇಳಿದ್ದರು. ಹೇಳುವಾಗ ಅವರ ಕೈ ಓಮ್ನಿ ಮೇಲೇ ಇತ್ತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದವರೊಬ್ಬರಿದ್ದಾರೆ. ಹಳೇ ಮಹೀಂದ್ರಾ ಜೀಪಿಗೆ ತಿಂಗಳುಗಟ್ಟಲೆ ಕೂತು ಬಣ್ಣ ಮಾಡಿಸಿದ್ದಾರೆ. ಮಾರ್ಕೆಟ್ಟಿಗೆ ಹೋಗೋದು ಬೊಲೆರೊದಲ್ಲಿ. ಅದರ ಬಾಗಿಲು ತೆಗೆದರೆ ಸಾಕು, ಘಾಟಿಗೆ ಸೀನು ಬರುತ್ತದೆ. ಎಷ್ಟು ತೊಳೆದರೂ ಹೋಗೋದಿಲ್ಲ. ಜೀಪಿನಲ್ಲಿ ಒಂದು ಮೆಣಸಿನಕಾಯಿಯನ್ನೂ ಅವರು ಇಡಗೊಡೋದಿಲ್ಲ.

ಧಾರವಾಡದ ನಿವೃತ್ತ ಪ್ರೊಫೆಸರ್ ಒಬ್ಬರದು ಬೇರೆ ದಾರಿ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಅವರ ಗಾಡಿ. ಬಾನೆಟ್ ಅಷ್ಟೂ ಮುಂದಕ್ಕೆ ಮಗಚಿ ನಿಲ್ಲುತ್ತದೆ, ಇಂಜಿನ್ ಪಕ್ಕದಲ್ಲಿ ಟಾಯರ್ ಮೇಲೇ ಕೂತು ಕೆಲಸ ಮಾಡಬಹುದು. ಸಾಧನಕೇರಿಯ ಸಣ್ಣ ಗಲ್ಲಿಯಲ್ಲೂ ಒಂದೇ ಏಟಿಗೆ ಹೊರಳುತ್ತದೆ. ಅವರ ಹತ್ತಿರ ಬೇರೆ ಕಾರೇ ಇಲ್ಲ. ಹೆರಾಲ್ಡ್ ಮುನಿಸಿಕೊಂಡ ದಿನ ಚಿಗರಿ ಬಸ್ಸು. ಹುಬ್ಬಳ್ಳಿ ಧಾರವಾಡದ ನಡುವೆ ಅದಕ್ಕೇ ಅಂತ ಬೇರೆ ದಾರಿ ಇದೆ, ಎಸಿ ಇದೆ. ಜುಬಿಲಿ ಸರ್ಕಲ್ಲಿನಲ್ಲಿ ಹತ್ತಿದರೆ ಹುಬ್ಬಳ್ಳಿವರೆಗೂ ಪುಸ್ತಕ ಓದುತ್ತ ಬರುತ್ತಾರೆ. ಅವರ ಸೋಮವಾರದ ಗಾಡಿ ಆ ಬಸ್ಸೇ ಅಂತ ನನ್ನ ಲೆಕ್ಕ. ನನಗೆ ಅವರ ಮೇಲೆ ತುಂಬಾ ಗೌರವ. ಆದರೆ ಪ್ರಾರ್ಥನೆಯ ಗಂಟೆ ಹೊಡೆಯುವಾಗ ಸ್ಕೂಲಿನಲ್ಲಿ ಇರಬೇಕಾದವಳಿಗೆ ಅವರ ಧೈರ್ಯ ಬರೋದಿಲ್ಲ.

2016ರ ಮಳೆಗಾಲ. ಗದಗಿನ ದವಾಖಾನೆ ಮುಚ್ಚಿ ಅಪ್ಪ ನಮ್ಮ ಜೊತೆ ಇರೋಕೆ ಬಂದು ಹತ್ತು ವರ್ಷ ಆಗಿತ್ತು. ಫಿಯಟ್ಟೂ ಅವರ ಜೊತೆ ಬಂದಿತ್ತು. ರಾತ್ರಿ ಎರಡು ಗಂಟೆಗೆ ಅವ್ವ ಕದ ಬಡಿದಳು. ಅಪ್ಪನಿಗೆ ಉಸಿರು ಹಿಡಿದಿತ್ತು. ಹೊರಗೆ ಧೋ ಅಂತ ಮಳೆ. ಫಿಯಟ್ ಮುಂದೆ ನಿಂತಿತ್ತು, ವ್ಯಾಗನ್ ಆರ್ ಅದರ ಹಿಂದೆ, ಗೇಟಿನ ಕಡೆ. ಒಂದು ಕ್ಷಣ ಕೂಡ ಫಿಯಟ್ ಕಡೆ ನೋಡಲಿಲ್ಲ ನಾನು. ಎಷ್ಟೋ ಹೆಣ್ಣುಮಕ್ಕಳನ್ನು, ಎಷ್ಟೋ ಮುದುಕರನ್ನು ದವಾಖಾನೆಗೆ ಮುಟ್ಟಿಸಿದ ಗಾಡಿ ಅದು. ಆ ರಾತ್ರಿ ಅದರ ಡಿಸ್ಟ್ರಿಬ್ಯೂಟರ್ ಒರೆಸುತ್ತ ಕೂರೋ ಹಾಗಿರಲಿಲ್ಲ.

ಅಪ್ಪನನ್ನು ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಮಲಗಿಸಿದೆವು. ಕೀಲಿ ತಿರುಗಿಸಿದೆ. ಅರ್ಧ ತಿರುಗಿಸೋದರೊಳಗೆ ಸೆಲ್ಫ್ ಸ್ಟಾರ್ಟರ್ ಇಂಜಿನ್ ಚಾಲೂ ಮಾಡಿತು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು. ಉಸಿರು ಎಳೆದುಕೊಂಡು ಎಳೆದುಕೊಂಡು ಅಂದರು.

"ಸೆಲ್ಫ್ ಚಲೋ ಐತಿ."

ಅಷ್ಟೇ. ಆಸ್ಪತ್ರೆ ಮುಟ್ಟಿದೆವು, ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಅದರಿಂದ ಹದಿನೇಳು ದಿನ ಸಿಕ್ಕಿತು ನಮಗೆ. ಅಪ್ಪ ಎಲ್ಲರ ಜೊತೆ ಮಾತಾಡಿದರು. ಮೊಮ್ಮಗನಿಗೆ ಹ್ಯಾಂಡ್ ಗೇರ್ ಹಾಕೋದು ಹೇಗೆ ಅಂತ ಮಂಚದ ಮೇಲಿಂದಲೇ ಗಾಳಿಯಲ್ಲಿ ಕೈ ಆಡಿಸಿ ಹೇಳಿಕೊಟ್ಟರು. ಆಮೇಲೆ ಹೋದರು.

ಅವರು ಹೋದ ವರ್ಷ ದಸರೆಗೆ ಖಂಡೇ ಪೂಜೆ ಮಾಡುವಾಗ ಒಂದು ಗಮನಿಸಿದೆ. ಫಿಯಟ್ಟಿಗೆ ಬಾನೆಟ್ ತುಂಬ ಚೆಂಡು ಹೂವಿನ ಮಾಲೆ, ಎರಡು ಬಾಳೆ ಕಂಬ, ಕುಂಬಳಕಾಯಿ. ವ್ಯಾಗನ್ ಆರ್‌ಗೆ ಚಕ್ರದ ಕೆಳಗೆ ನಿಂಬೆಹಣ್ಣು, ಮೇಲೊಂದು ಗುಲಗಂಜಿಯಷ್ಟು ಹೂವು. ನಾನೇ ಮಾಡಿದ್ದು, ಪ್ರತಿ ವರ್ಷ ಹಾಗೇ ಮಾಡುತ್ತಿದ್ದದ್ದು. ಅವತ್ತು ಕೈ ನಡುಗಿತು. ಮಾಲೆ ಬಿಚ್ಚಿ ಅರ್ಧ ಕತ್ತರಿಸಿ ಎರಡಕ್ಕೂ ಕಟ್ಟಿದೆ. ಈಗ ಪ್ರತಿ ವರ್ಷ ಎರಡು ಮಾಲೆ ತರುತ್ತೇನೆ, ಒಂದೇ ಅಳತೆಯವು.

ಅಲ್ಲಿಂದ ಈಚೆಗೆ ರಸ್ತೆ ನೋಡೋ ರೀತಿಯೇ ಬದಲಾಗಿದೆ. ಮಾರುತಿ 800 ನೆನಪು ಮಾಡಿಕೊಳ್ಳಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಗಾಡಿಯ ಕೀಲಿ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್. ಓಮ್ನಿಗೂ ಅದೇ ಇಂಜಿನ್. ಒಂದು ಕಾಲಕ್ಕೆ ಕೊಪ್ಪಿಕರ್ ರಸ್ತೆಯಲ್ಲಿ ಹತ್ತು ಕಾರು ನಿಂತರೆ ಐದು ಅದೇ ಇರುತ್ತಿದ್ದವು. 2014ರ ಜನವರಿಯಲ್ಲಿ ಅದರ ತಯಾರಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ಕೂಡ ನಿಂತಿತು. ಅಂಬಾಸಿಡರ್ ನಿಂತದ್ದು ಎಲ್ಲರಿಗೂ ನೆನಪಿದೆ. ಈಗ ವಾರಕ್ಕೆ ಒಂದು 800 ಕಂಡರೆ ಹೆಚ್ಚು. ಗುಜರಿಗೆ ಹೋದವು, ಹೊಲದ ಬದುವಿನಲ್ಲಿ ನಿಂತವು. ಎಷ್ಟೋ ಮನೆಗಳ ಮೊದಲ ಕಾರು ಅದು. ಎಷ್ಟೋ ಹೆಣ್ಣುಮಕ್ಕಳು ಡ್ರೈವಿಂಗ್ ಕಲಿತ ಕಾರು. ನಾನೂ ಕಲಿತದ್ದು ಅದರಲ್ಲೇ, ಯಾಕೆಂದ್ರೆ ಫಿಯಟ್ಟಿನಲ್ಲಿ ಕಲಿತರೆ ಕ್ಲಚ್ ಹೋಗುತ್ತದೆ ಅಂತ ಅಪ್ಪ ಬಿಡಲಿಲ್ಲ.

ವ್ಯಾಗನ್ ಆರ್‌ಗೆ 15 ವರ್ಷ ತುಂಬಿದಾಗ, 2023ರಲ್ಲಿ, ಆರ್‌ಸಿ ನವೀಕರಣಕ್ಕೆ ಆರ್‌ಟಿಒಗೆ ತೆಗೆದುಕೊಂಡು ಹೋದೆ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಸಾಹೇಬರು ಲೈಟು, ಇಂಡಿಕೇಟರ್, ಚಾಸಿ ನಂಬರ್ ನೋಡಿದರು. ಆಯಿತು. ಮರುವರ್ಷ ಫಿಯಟ್ ಸರದಿ. ಎಂವೈ ಅಂತ ಶುರುವಾಗೋ ಹಳೇ ನಂಬರು ಕಂಡ ಕೂಡಲೇ ಆಫೀಸಿನವರೆಲ್ಲ ಹೊರಗೆ ಬಂದರು. ಫೋಟೋ ತೆಗೆಸಿಕೊಂಡರು. ಒಬ್ಬರು ಪ್ರೀತಿಯಿಂದಲೇ ಕೇಳಿದರು. "50 ವರ್ಷ ತುಂಬೈತಿ. ವಿಂಟೇಜ್ ಮಾಡಸ್ರಿ ಮೇಡಂ?"

ಅದರ ನಿಯಮ ನಾನು ಓದಿಕೊಂಡಿದ್ದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದದ್ದು. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡಿರೋ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನಂಬರ್ ತೆಗೆದುಕೊಂಡರೆ ನಡುವೆ ವಿಎ ಅನ್ನೋ ಅಕ್ಷರ ಬರುತ್ತದೆ, ಮೊದಲ ಸಲದ ಶುಲ್ಕ 20,000. ಹಳೇ ನಂಬರ್ ಉಳಿಸಿಕೊಳ್ಳೋಕೂ ದಾರಿ ಇದೆ. ಹಳೇ ಗಾಡಿಗಳು ಗುಜರಿಗೆ ಹೋಗದೆ ಉಳಿಯಲಿ ಅನ್ನೋ ಒಳ್ಳೇ ಉದ್ದೇಶದ ನಿಯಮ. ಆದರೆ ಒಂದು ಷರತ್ತಿದೆ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಬಿಟ್ಟು ದಿನದ ಓಡಾಟಕ್ಕೆ ಆ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ.

ನನಗೆ ಅದು ಬೇಡ ಅನ್ನಿಸಿತು. ನಾನು ಅದನ್ನು ದಿನಾ ಓಡಿಸೋದಿಲ್ಲ, ನಿಜ. ಆದರೆ ಅವ್ವನಿಗೆ ಗದಗಿಗೆ ಹೋಗಬೇಕು ಅನ್ನಿಸಿದರೆ, ಮುಂದಿನ ಬೆಂಚಿನ ಮೇಲೆ ಕೂತು ವೀರನಾರಾಯಣನ ಗುಡಿಗೆ ಹೋಗಿ, ಬರುವಾಗ ಅಣ್ಣಿಗೇರಿಯಲ್ಲಿ ಮಿರ್ಚಿ ಭಜಿ ತಿನ್ನಬೇಕು ಅನ್ನಿಸಿದರೆ, ಆ ದಾರಿ ಅದಕ್ಕೆ ತೆರೆದಿರಬೇಕು. ಡಾಕ್ಟರ್ ಗಾಡಿ ಅದು. ಯಾವತ್ತೋ ಒಂದು ದಿನ ಕರೆಯಬಹುದು. ಐದು ವರ್ಷದ ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಂಡು ಬಂದೆ.

ಮಗ ಬೆಂಗಳೂರಿನಲ್ಲಿದ್ದಾನೆ. ಫೋನ್ ಮಾಡಿದಾಗೆಲ್ಲ ವ್ಯಾಗನ್ ಆರ್ ಕೊಟ್ಟುಬಿಡು, ಎಲೆಕ್ಟ್ರಿಕ್ ಗಾಡಿ ತಗೋ ಅಂತಾನೆ. ದಿನಾ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋಗಿ ಬರೋರಿಗೆ ಅದೇ ಸರಿ ಅನ್ನೋದು ಅವನ ವಾದ. ಅವನು ಹೇಳೋದು ತಪ್ಪಲ್ಲ. ನವೀಕರಣ 2028ರಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ತಗೊಂಡರೂ ತಗೊಂಡೆ. ಮನೆ ಮುಂದೆ ಒಬ್ಬ ಏಜೆಂಟ್ ಕೂಡ ಬಂದು ನೋಡಿ ಹೋದ. ಅವನು ಹೇಳಿದ ರೇಟು ಫಿಯಟ್ಟಿನ ನಾಲ್ಕು ಹೊಸ ಟಾಯರಿಗೆ, ಒಂದು ಬ್ಯಾಟರಿಗೆ ಸರಿಹೋಗುತ್ತಿತ್ತು.

ಹೋದ ತಿಂಗಳು ಎಣ್ಣೆ ಬದಲಾಯಿಸೋಕೆ ವ್ಯಾಗನ್ ಆರ್ ತೆಗೆದುಕೊಂಡು ಚಾಚಾ ಹತ್ತಿರ ಹೋದೆ. ಈ ಎಥೆನಾಲ್ ಕಾಲಕ್ಕೆ ಮಾಡಿದ ಗಾಡಿ ಇದೂ ಅಲ್ಲ, ಹಾಗಾಗಿ ಪೆಟ್ರೋಲ್ ಪೈಪನ್ನೂ ನೋಡಿ ಅಂದೆ. ಅವರು ಬಾನೆಟ್ ಒಳಗೆ ಬಗ್ಗಿ ಬೆರಳಿನಿಂದ ಪೈಪು ಒತ್ತಿ ನೋಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಕೇಳಿದೆ.

"ಚಾಚಾ, ಇದನ್ನ ಇಟ್ಟುಕೊಂಡ್ರ ಎಷ್ಟ ವರ್ಷ ಬರ್ತೈತ್ರಿ?"

"ಇದನ್ನ್ಯಾರ ಇಟ್ಕೋತಾರ್ರಿ ಅಕ್ಕೋರ? ಇಟ್ಕೊಳ್ಳಾಕ ಫಿಯಟ್ ಐತಲ್ರಿ ನಿಮ್ದು."

"ನಾ ಇಟ್ಕೋತೀನ್ರಿ."

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಗಾಡಿ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು. ಫಿಯಟ್ ಮೊದಲ ಸಲ ತೆಗೆದುಕೊಂಡು ಹೋದಾಗ ಹೀಗೇ ಬಂದಿದ್ದರು. ಬಾಗಿಲ ಕೆಳಗೆ ಕೈ ಹಾಕಿ ತುಕ್ಕು ನೋಡಿದರು. ಹಿಂದಿನ ಲೈಟಿನ ಗಾಜು ಬಿರುಕು ಬಿಟ್ಟದ್ದನ್ನು ಮುಟ್ಟಿದರು. ಏನೂ ಮಾತಾಡದೆ ಒಳಗೆ ಹೋಗಿ, ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿಕೊಂಡು ಬಂದರು. ಒಳಗೆ ಅದೇ ಮಾದರಿಯ ಹಿಂದಿನ ಲೈಟು, ಪ್ಲಾಸ್ಟಿಕ್ ಚೀಲ ಕೂಡ ಹರಿದಿರಲಿಲ್ಲ.

"ಇನ್ನೊಂದ ಸಿಕ್ಕರ ತಗದಿಡ್ತೀನ್ರಿ" ಅಂದರು.

ಮನೆಗೆ ಬಂದು ಕಪಾಟಿನಿಂದ ಅಪ್ಪನ ವಹಿ ತೆಗೆದೆ. ಮುಂದಿನಿಂದ ಫಿಯಟ್ಟಿನದು, ಅಪ್ಪನ ಅಕ್ಷರ ಮುಗಿದ ಮೇಲೆ ನನ್ನ ಅಕ್ಷರ. ಅದನ್ನು ತಿರುಗಿಸಿ ಹಿಂದಿನ ಕಡೆಯಿಂದ ಮೊದಲ ಹಾಳೆ ತೆರೆದೆ. ತಾರೀಖು ಹಾಕಿ ಬರೆದೆ:

ವ್ಯಾಗನ್ ಆರ್. 1,61,340 ಕಿ.ಮೀ. ಎಣ್ಣೆ, ಫಿಲ್ಟರ್, ಪೆಟ್ರೋಲ್ ಪೈಪ್ ಬದಲು. ಹಿಂದಿನ ಎಡಗಡೆ ಲೈಟ್ ಹೊಸದು. ಸೆಲ್ಫ್ ಚಲೋ ಐತಿ.